ಏಳು ಸಹಿ ಸಿಕ್ತು, ಮುಂದೇನು? ಕೊಡಗಲ್ಲಿ ಸಂಘ ರಿಜಿಸ್ಟರ್ ಮಾಡೋರಿಗೆ

2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಾಗ ನಮ್ಮ ಜಿಲ್ಲೇಲಿ ರಾತ್ರೋರಾತ್ರಿ ಎಷ್ಟೊಂದು ವಾಟ್ಸಾಪ್ ಗ್ರೂಪು ಹುಟ್ಕೊಂಡ್ವು, ಅಕ್ಕಿ ಬಂತು, ಕಂಬಳಿ ಬಂತು, ಬೆಂಗಳೂರಿಂದ ಲಾರಿ ಲಾರಿ ಸಾಮಾನು ಬಂತು, ಆವಾಗ ನಿಮ್ಮ ರಿಜಿಸ್ಟ್ರೇಷನ್ ನಂಬರ್ ಎಷ್ಟು ಅಂತ ಕೇಳೋಕೆ ಯಾರಿಗೂ ಪುರ್ಸೊತ್ತಿರ್ಲಿಲ್ಲ. ಮಳೆ ನಿಂತ್ಮೇಲೆ ಕಥೆ ಬೇರೆ. ಮನೆ ಕಟ್ಟಿಸಿಕೊಡ್ತೀವಿ ಅಂತ ಬರೋ ಕಂಪನಿ ಮೊದ್ಲು ಪ್ಯಾನ್ ಕಾರ್ಡ್ ಕೇಳತ್ತೆ, ಬೈಲಾ ಕೇಳತ್ತೆ, ಆಡಿಟ್ ರಿಪೋರ್ಟ್ ಕೇಳತ್ತೆ, ಆವಾಗ ಗ್ರೂಪಿನ ಅಡ್ಮಿನ್ನುಗಳು ಒಬ್ಬರ ಮುಖ ಒಬ್ಬರು ನೋಡ್ಕೊಳ್ಳೋದು.

ಈಗ್ಲೂ ಅದೇ ನಡೀತಿದೆ. ಲೈನ್ ಮನೆ, ಅಂದ್ರೆ ತೋಟದ ಕಾರ್ಮಿಕರ ಸಾಲುಮನೆ ಮಕ್ಕಳಿಗೆ ಸಂಜೆ ಪಾಠ ಹೇಳ್ಕೊಡೋರು, ದೇವರಕಾಡು ಉಳಿಸ್ತೀವಿ ಅಂತ ಓಡಾಡೋರು, ಹಾಕಿ ಕೋಚಿಂಗ್ ಕ್ಯಾಂಪ್ ಮಾಡೋರು, ಆಂಬುಲೆನ್ಸ್ ಇಟ್ಕೊಂಡೋರು, ಇವರೆಲ್ಲ ಒಂದಲ್ಲ ಒಂದು ದಿನ ಬಂದು ಕೇಳೋ ಪ್ರಶ್ನೆ ಒಂದೇ, "ಅಣ್ಣ, ನಾವೂ ಒಂದು ಎನ್‌ಜಿಒ ರಿಜಿಸ್ಟರ್ ಮಾಡ್ಸೋಣ ಅಂತಿದ್ದೀವಿ, ಎಷ್ಟು ಖರ್ಚಾಗತ್ತೆ?" ಖರ್ಚು ದೊಡ್ಡ ವಿಷಯ ಅಲ್ವೇ ಅಲ್ಲ. ಪ್ರತಿ ವರ್ಷ ಲೆಕ್ಕ ಬರೆದು, ಸಭೆ ಕರೆದು, ಪೇಪರ್ ಫೈಲ್ ಮಾಡೋ ಒಬ್ಬ ಮನುಷ್ಯ ನಿಮ್ಮಲ್ಲಿ ಯಾರು ಅನ್ನೋದು ಮೊದಲ್ನೇ ಪ್ರಶ್ನೆ, ಯಾವ ಥರ ಸಂಸ್ಥೆ ಮಾಡ್ಬೇಕು ಅನ್ನೋದೂ ಬಹಳಷ್ಟು ಅದ್ರ ಮೇಲೇ ನಿಂತಿದೆ.

ಮೊದ್ಲು, ರಿಜಿಸ್ಟರ್ ಮಾಡ್ಲೇಬೇಕಾ? ಕಡ್ಡಾಯ ಅಂತೇನೂ ಇಲ್ಲ. ನಾಲ್ಕು ಜನ ಸೇರಿ ಊರಿನ ಬಸ್ ಶೆಲ್ಟರಿಗೆ ಬಣ್ಣ ಹೊಡೀತೀವಿ, ವರ್ಷಕ್ಕೊಂದ್ಸಲ ರಕ್ತದಾನ ಶಿಬಿರ ಮಾಡ್ತೀವಿ ಅಂದ್ರೆ ಯಾವ ಕಾಯ್ದೆನೂ ಅಡ್ಡ ಬರಲ್ಲ. ತೊಂದ್ರೆ ಶುರುವಾಗೋದು ದುಡ್ಡು ಓಡಾಡೋಕೆ ಶುರುವಾದಾಗ. ಖಜಾಂಚಿಯ ಪರ್ಸನಲ್ ಫೋನ್‌ಪೇ ಕ್ಯೂಆರ್ ಹಾಕಿ ಚಂದಾ ಎತ್ತಿದ್ರೆ ಆ ದುಡ್ಡು ದಾಖಲೆಲಿ ಕಾಣೋದು ಅವರದ್ದು ಅಂತಾನೇ, ಸಂಬಂಧಿಕರಲ್ಲದೋರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿ ಸುಮ್ನೆ ದುಡ್ಡು ಬಂದ್ರೆ ಇನ್ಕಮ್ ಟ್ಯಾಕ್ಸ್ ಕಾನೂನು ಪ್ರಕಾರ ಅಷ್ಟೂ ಅವರ ಆದಾಯಕ್ಕೆ ಸೇರತ್ತೆ, ಆಮೇಲೆ ನೋಟಿಸ್ ಬಂದ್ರೆ ಉತ್ತರ ಕೊಡ್ಬೇಕಾಗಿರೋದೂ ಅವರೇ. ಪಾಪ, ಒಳ್ಳೇ ಕೆಲ್ಸ ಮಾಡೋಕೆ ಹೋಗಿ ಸಿಕ್ಕಾಕ್ಕೊಳ್ಳೋದು ಯಾವಾಗ್ಲೂ ಖಜಾಂಚಿನೇ. ಸಂಸ್ಥೆ ಹೆಸರಲ್ಲಿ ಅಕೌಂಟ್ ಬೇಕು, ಜಾಗ ಬೇಕು, ಸರ್ಕಾರದ ಅನುದಾನ ಬೇಕು, ದಾನ ಕೊಟ್ಟೋರಿಗೆ ತೆರಿಗೆ ರಿಯಾಯ್ತಿ ಕೊಡಿಸ್ಬೇಕು ಅಂದ್ರೆ ನೋಂದಣಿ ಬೇಕೇ ಬೇಕು.

ಇಲ್ಲೊಂದು ಗೊಂದಲ ಮೊದ್ಲೇ ಬಗೆಹರಿಸ್ಕೊಳ್ಳೋಣ. ಸಂಘ ಬೇರೆ, ಸಹಕಾರ ಸಂಘ ಬೇರೆ. ನಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಇದ್ಯಲ್ಲ, ಗೊಬ್ಬರ, ಸಾಲ ಎಲ್ಲ ಕೊಡೋದು, ಅದು 1959ರ ಸಹಕಾರ ಸಂಘಗಳ ಕಾಯ್ದೆಲಿ ಬರೋದು, ಅಲ್ಲಿ ಷೇರು ಇದೆ, ಸದಸ್ಯರಿಗೆ ಡಿವಿಡೆಂಡ್ ಇದೆ. ಸಮಾಜ ಸೇವೆಗೆ ಅಂತ ಮಾಡೋ ಸಂಘ ನೋಂದಣಿ ಆಗೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಲಿ, ಇಲ್ಲಿ ಸದಸ್ಯರು ಒಂದು ರೂಪಾಯಿ ಲಾಭನೂ ಹಂಚ್ಕೊಳ್ಳೋ ಹಾಗಿಲ್ಲ. ಮಜಾ ಏನಂದ್ರೆ ಎರಡಕ್ಕೂ ಹೋಗ್ಬೇಕಾಗಿರೋದು ಒಂದೇ ಇಲಾಖೆಗೆ, ಮಡಿಕೇರಿಲಿರೋ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿ, ಜನ ಡಿಆರ್ ಆಫೀಸ್ ಅಂತಾರೆ, ಅವರೇ ಸಂಘಗಳ ಜಿಲ್ಲಾ ನೋಂದಣಾಧಿಕಾರಿನೂ ಹೌದು. ಹಾಗಾಗಿ ಬಾಗಿಲಲ್ಲಿ "ಸಂಘ ರಿಜಿಸ್ಟರ್ ಮಾಡ್ಬೇಕು" ಅಂತಷ್ಟೇ ಹೇಳಿದ್ರೆ ತಪ್ಪು ಟೇಬಲ್ಲಿಗೆ ಕಳಿಸೋ ಚಾನ್ಸ್ ಜಾಸ್ತಿ, "1960ರ ಕಾಯ್ದೆ ಸಂಘ" ಅಂತ ಹೇಳಿ.

ಇನ್ನು ದಾರಿಗಳು. ಲಾಭಕ್ಕಲ್ಲದ ಸಂಸ್ಥೆ ಮಾಡೋಕೆ ಮೂರು ದಾರಿ ಇದೆ, ಸಂಘ, ಟ್ರಸ್ಟ್, ಸೆಕ್ಷನ್ 8 ಕಂಪನಿ. ಮೂರಕ್ಕೂ ತೆರಿಗೆ ವಿನಾಯ್ತಿ ಸಿಗತ್ತೆ, ಮೂರೂ ದಾನ ತಗೋಬಹುದು, ಅದ್ರಲ್ಲಿ ಏನೂ ಮೇಲು ಕೀಳಿಲ್ಲ. ವ್ಯತ್ಯಾಸ ಇರೋದು ಹಿಡಿತ ಯಾರ ಕೈಲಿರತ್ತೆ, ಯಾರಿಗೆ ಲೆಕ್ಕ ಒಪ್ಪಿಸ್ಬೇಕು ಅನ್ನೋದ್ರಲ್ಲಿ.

ಟ್ರಸ್ಟಲ್ಲಿ ಹಿಡಿತ ಟ್ರಸ್ಟಿಗಳ ಕೈಲಿ. ಅಪ್ಪನ ನೆನಪಿಗೆ ಸ್ಕಾಲರ್‌ಶಿಪ್ ಕೊಡ್ಬೇಕು, ಕುಟುಂಬದವ್ರೇ ನೋಡ್ಕೋತೀವಿ, ಚುನಾವಣೆ ಗಿನಾವಣೆ ಬೇಡ ಅನ್ನೋರಿಗೆ ಇದು ಸರಿ. ಒಬ್ಬರು ಸ್ವಲ್ಪ ದುಡ್ಡೋ ಆಸ್ತಿನೋ ಮೂಲಧನ ಅಂತ ಇಟ್ಟು, ಟ್ರಸ್ಟ್ ಡೀಡ್ ಬರ್ಸಿ, ಸ್ಟಾಂಪ್ ಡ್ಯೂಟಿ ಕಟ್ಟಿ, ಇಬ್ಬರು ಸಾಕ್ಷಿಗಳ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸ್ತಾರೆ, ಜಮೀನು ಬರೆಸ್ಕೊಳ್ಳೋಕೆ ಹೋಗ್ತೀವಲ್ಲ ಅದೇ ಆಫೀಸು, ಅದೇ ಕಾವೇರಿ ಪೋರ್ಟಲ್ಲು, ಅದೇ ಫೋಟೋ ಹೆಬ್ಬೆಟ್ಟು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳಿಗೇ ಅಂತ 1950ರ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಇದ್ದಾರೆ, ನಮ್ಮ ಕರ್ನಾಟಕದಲ್ಲಿ ಎಲ್ಲಾ ಟ್ರಸ್ಟಿಗೂ ಅನ್ವಯಿಸೋ ಅಂಥ ವ್ಯವಸ್ಥೆ ಇಲ್ಲ, ಆದ್ರಿಂದ ಸಬ್ ರಿಜಿಸ್ಟ್ರಾರಿಗೆ ವರ್ಷ ವರ್ಷ ವರದಿ ಕೊಡೋ ತಲೆನೋವೂ ಇಲ್ಲ. ಆದ್ರೆ ಡೀಡಲ್ಲಿ ಏನು ಬರ್ದಿದ್ದೀರೋ ಅದು ಕಲ್ಲಲ್ಲಿ ಕೆತ್ತಿದ ಹಾಗೇನೇ. ಟ್ರಸ್ಟಿಗಳ ಮಧ್ಯೆ ಜಗಳ ಬಂದ್ರೆ ಬಿಡಿಸೋಕೆ ಯಾವ ಅಧಿಕಾರಿನೂ ಇಲ್ಲ, ನೇರ ಕೋರ್ಟು.

ಇದಕ್ಕೇ ಸೇರಿದ ಮಾತು, ಟ್ರಸ್ಟಿಗೆ ತೋಟದ ಮೂಲೆಲಿ ಅರ್ಧ ಎಕರೆ ಬಿಟ್ಟುಕೊಡ್ತೀನಿ ಅಂತ ಯಾರಾದ್ರೂ ದೊಡ್ಡ ಮನಸ್ಸು ಮಾಡಿದ್ರೆ ಖುಷಿಲಿ ತಲೆ ಅಲ್ಲಾಡ್ಸಿ ಬರಬೇಡಿ, ಮೊದ್ಲು ಆರ್‌ಟಿಸಿ ತೆಗೆಸಿ ನೋಡಿ. ಕೊಡಗಲ್ಲಿ ಎಷ್ಟೋ ಜಾಗ ಜಮ್ಮಾ, ಅಂದ್ರೆ ವಂಶಪಾರಂಪರ್ಯವಾಗಿ ಇಡೀ ಕುಟುಂಬಕ್ಕೆ ಬಂದಿದ್ದು, ಕುಟುಂಬದ ಹತ್ತಿಪ್ಪತ್ತು ಜನರ ಹೆಸರು ಕಾಲಂ ತುಂಬಾ ಇರತ್ತೆ, ಅರ್ಧ ಜನ ತೀರ್ಕೊಂಡಿರ್ತಾರೆ, ಒಬ್ಬರು ಕೊಡ್ತೀನಿ ಅಂದ್ರೆ ಆಗಲ್ಲ. ಜಾಗದ ವಿಷಯ ಬಗೆಹರಿಯೋವರೆಗೂ ಡೀಡಲ್ಲಿ ಜಾಗ ಸೇರಿಸ್ಬೇಡಿ, ದುಡ್ಡಿನ ಮೂಲಧನ ಇಟ್ಟು ಟ್ರಸ್ಟ್ ಮಾಡ್ಕೊಳ್ಳಿ, ಜಾಗ ಆಮೇಲೆ ದಾನಪತ್ರದಲ್ಲಿ ಬರ್ಲಿ.

ಸೆಕ್ಷನ್ 8 ಕಂಪನಿ ಅಂದ್ರೆ 2013ರ ಕಂಪನಿ ಕಾಯ್ದೆ ಕೆಳಗೆ ಬರೋ ಲಾಭ ಹಂಚದ ಕಂಪನಿ. ಇಬ್ಬರು ಡೈರೆಕ್ಟರ್ ಇದ್ರೆ ಸಾಕು, ಕನಿಷ್ಠ ಬಂಡವಾಳ ಇಷ್ಟೇ ಇರ್ಬೇಕು ಅಂತಿಲ್ಲ, ಎಲ್ಲಾ ಆನ್‌ಲೈನು, ಮನೇಲೇ ಕೂತು ಡಿಜಿಟಲ್ ಸಿಗ್ನೇಚರ್ ಹಾಕಿ ಅರ್ಜಿ ಹಾಕಬಹುದು, ದೊಡ್ಡ ಕಂಪನಿಗಳಿಗೆ ಇದ್ರ ಮೇಲೆ ನಂಬಿಕೆನೂ ಜಾಸ್ತಿ. ಆದ್ರೆ ಆಮೇಲಿನದ್ದು ಕೇಳಿ. ಒಂದು ರೂಪಾಯಿ ವ್ಯವಹಾರ ಮಾಡ್ದಿದ್ರೂ ಪ್ರತಿ ವರ್ಷ ಆಡಿಟ್ ಆಗ್ಬೇಕು, ಬ್ಯಾಲೆನ್ಸ್ ಶೀಟ್ ಒಂದು ಫಾರ್ಮಲ್ಲಿ, ವಾರ್ಷಿಕ ರಿಟರ್ನ್ ಇನ್ನೊಂದು ಫಾರ್ಮಲ್ಲಿ ಹಾಕ್ಬೇಕು, ತಡ ಆದ್ರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ ಮೇಲ್ ಫೀಸು, ಮಿತಿನೇ ಇಲ್ಲ. ಎರಡು ಫಾರ್ಮ್ ಮರೆತು ಒಂದು ವರ್ಷ ಸುಮ್ನಿದ್ರೆ 73,000 ರೂಪಾಯಿ ಅಲ್ಲಿಗೇ ಹೋಯ್ತು, ಅಷ್ಟು ದುಡ್ಡಲ್ಲಿ ಎಷ್ಟು ಮಕ್ಕಳಿಗೆ ಬ್ಯಾಗು, ಪುಸ್ತಕ ಬರ್ತಿತ್ತು ಲೆಕ್ಕ ಹಾಕಿ. ನನ್ನ ಅಭಿಪ್ರಾಯ ಕೇಳಿದ್ರೆ, ಖಾಯಂ ಒಬ್ಬ ಸಿಎ ಇಟ್ಕೊಳ್ಳೋ ತಾಕತ್ತಿಲ್ದೇ ಇರೋ ಊರಿನ ಗುಂಪಿಗೆ ಇದು ಬೇಡ.

ಉಳಿದಿದ್ದು ಸಂಘ. ಊರಿನವರೆಲ್ಲ ಸೇರಿ ಮಾಡೋ ಕೆಲ್ಸಕ್ಕೆ ಇದೇ ಹೊಂದೋದು, ಯಾಕಂದ್ರೆ ಇಲ್ಲಿ ಸದಸ್ಯರಿಗೆ ವೋಟಿದೆ, ಅಧ್ಯಕ್ಷರು ಸರಿ ಇಲ್ಲ ಅಂದ್ರೆ ಬದಲಾಯಿಸಬಹುದು, ಜಗಳ ಕೈಮೀರಿದ್ರೆ ವಿಚಾರಣೆ ಮಾಡೋ ಅಧಿಕಾರ ನೋಂದಣಾಧಿಕಾರಿಗಿದೆ. ಕನಿಷ್ಠ ಏಳು ಜನ ಬೇಕು, 18 ತುಂಬಿರ್ಬೇಕು. ಏಳೂ ಜನ ಒಂದೇ ಐನ್ ಮನೆಯವ್ರು (ಕುಟುಂಬದ ಮೂಲ ಮನೆ), ಎಲ್ಲರದ್ದೂ ಒಂದೇ ಮನೆ ಹೆಸರು ಅಂದ್ರೆ ನೋಡಿದೋರಿಗೆ ಇದು ಸಾರ್ವಜನಿಕ ಸಂಸ್ಥೆ ಅನ್ಸಲ್ಲ, ಮುಂದೆ ಇನ್ಕಮ್ ಟ್ಯಾಕ್ಸಿನವ್ರೂ ದುಡ್ಡು ಸಂಬಂಧಿಕರಿಗೆ ಹೋಗ್ತಿದ್ಯಾ ಅಂತ ಕೆದಕ್ತಾರೆ. ಏಳು ಜನ ಏಳು ಮನೆಯಿಂದ ಬಂದ್ರೆ ಒಳ್ಳೇದು, ಅದ್ರಲ್ಲಿ ಒಬ್ಬರಾದ್ರೂ ಸೊಸೈಟಿಲೋ, ಬ್ಯಾಂಕಲ್ಲೋ, ಶಾಲೇಲೋ ಕೆಲ್ಸ ಮಾಡಿ ರಿಟೈರ್ ಆದೋರು ಇದ್ರೆ ನಿಮ್ಮ ಪುಣ್ಯ, ನಡಾವಳಿ ಪುಸ್ತಕ ಅವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರಿ.

ಹೆಸರು ಆರಿಸೋವಾಗ ಎರಡು ಮೂರು ಹೆಸರು ಕೈಲಿರ್ಲಿ, ಮೊದ್ಲೇ ಇರೋ ಸಂಘದ ಹೆಸರಿಗೆ ತೀರಾ ಹತ್ತಿರ ಇದ್ರೆ ಕೊಡಲ್ಲ. ರಾಷ್ಟ್ರೀಯ, ಭಾರತ ಸರ್ಕಾರ, ಗಾಂಧಿ ಅಂತೆಲ್ಲ ಭಾರೀ ಹೆಸರು ಇಡೋಕೆ ಹೋಗ್ಬೇಡಿ, ಅಂಥವಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಇದೆ.

ಇನ್ನು ಪೇಪರ್ ಕೆಲ್ಸದ ಹೃದಯ ಅಂದ್ರೆ ಎರಡು ದಾಖಲೆ. ಒಂದು ಮೆಮೊರಾಂಡಮ್, ಅಂದ್ರೆ ಸಂಘದ ಹೆಸರು, ವಿಳಾಸ, ಉದ್ದೇಶ, ಮೊದಲ್ನೇ ಆಡಳಿತ ಮಂಡಳಿ ಯಾರ್ಯಾರು ಅಂತ. ಇನ್ನೊಂದು ನಿಯಮಾವಳಿ, ಎಲ್ರೂ ಬೈಲಾ ಅಂತ ಕರೆಯೋದು. ಹೆಚ್ಚಿನವ್ರು ಮಾಡೋದೇನು ಅಂದ್ರೆ ಪಕ್ಕದ ಊರಿನ ಯುವಕ ಸಂಘದ ಬೈಲಾ ಜೆರಾಕ್ಸ್ ತಂದು ಹೆಸರು ಮಾತ್ರ ತಿದ್ದಿ ಕೊಡೋದು. ನೋಂದಣಿ ಏನೋ ಆಗತ್ತೆ. ಮೂರು ವರ್ಷ ಆದ್ಮೇಲೆ ನೋಡಿದ್ರೆ ದೇವರಕಾಡು ಉಳಿಸೋ ಸಂಘದ ಉದ್ದೇಶದಲ್ಲಿ ವಾಲಿಬಾಲ್ ಪಂದ್ಯಾವಳಿ, ನಾಟಕ ಪ್ರದರ್ಶನ ಅಂತ ಇರತ್ತೆ, ಕಾಡಿನ ಸುದ್ದಿನೇ ಇಲ್ಲ.

ಉದ್ದೇಶ ಬರೆಯೋದು ಹೇಗೆ ಅಂತ ಒಂದು ಉದಾಹರಣೆ ನೋಡೋಣ. "ಬಡವರಿಗೆ ಸಹಾಯ ಮಾಡುವುದು" ಅಂತ ಬರೆದ್ರೆ ತೀರಾ ಸಡಿಲ. "ಸುಂಟಿಕೊಪ್ಪದ ಲೈನ್ ಮನೆ ಮಕ್ಕಳಿಗೆ ಸಂಜೆ 5ರಿಂದ 7ರವರೆಗೆ ಗಣಿತ ಪಾಠ ಹೇಳುವುದು" ಅಂದ್ರೆ ತೀರಾ ಬಿಗಿ, ನಾಳೆ ಇಂಗ್ಲಿಷ್ ಕಲಿಸೋಕೂ ಬೈಲಾ ತಿದ್ದುಪಡಿ ಬೇಕಾಗತ್ತೆ. ಇದ್ರ ಮಧ್ಯದಲ್ಲಿ ನಿಲ್ಲೋ ವಾಕ್ಯ ಹೀಗಿರಬಹುದು: "ತೋಟ ಕಾರ್ಮಿಕರ ಹಾಗೂ ಇತರ ದುರ್ಬಲ ವರ್ಗದ ಮಕ್ಕಳಿಗೆ ಶಿಕ್ಷಣ, ಪುಸ್ತಕ, ವಿದ್ಯಾರ್ಥಿವೇತನ ಮತ್ತು ಆರೋಗ್ಯ ತಪಾಸಣೆಯ ಸೌಲಭ್ಯವನ್ನು ಜಾತಿ, ಮತ, ಭಾಷೆಯ ಭೇದವಿಲ್ಲದೆ ಒದಗಿಸುವುದು." ಕಾಯ್ದೆಲೇ ಯಾವ್ಯಾವ ಉದ್ದೇಶಕ್ಕೆ ಸಂಘ ಮಾಡಬಹುದು ಅಂತ ಪಟ್ಟಿ ಇದೆ, ದಾನಧರ್ಮ, ಶಿಕ್ಷಣ, ವಿಜ್ಞಾನ, ಸಾಹಿತ್ಯ, ಲಲಿತಕಲೆ, ಕ್ರೀಡೆ, ಗ್ರಂಥಾಲಯ, ನೈಸರ್ಗಿಕ ಸಂಪತ್ತಿನ ರಕ್ಷಣೆ, ಹೀಗೆ. ನಿಮ್ಮ ಕೆಲ್ಸ ಅದ್ರಲ್ಲಿ ಎಲ್ಲಿ ಕೂರತ್ತೆ ಅಂತ ನೋಡ್ಕೊಂಡು ಅದೇ ಭಾಷೆ ಬಳಸಿ, ಕೇಸ್ ವರ್ಕರ್ ಪ್ರಶ್ನೆ ಕೇಳೋದು ಕಮ್ಮಿಯಾಗತ್ತೆ.

ಕಾರ್ಯವ್ಯಾಪ್ತಿ ಅಂತ ಒಂದು ಸಾಲು ಇರತ್ತೆ, ಯಾರೂ ಅದಕ್ಕೆ ತಲೆ ಕೆಡಿಸ್ಕೊಳ್ಳಲ್ಲ. ಮೊದ್ಲು ನಮಗಿದ್ದಿದ್ದು ಮೂರೇ ತಾಲೂಕು, ಆಮೇಲೆ ಕುಶಾಲನಗರ, ಪೊನ್ನಂಪೇಟೆ ಬೇರೆಯಾಗಿ ಐದಾಯ್ತು. ಹಿಂದೆ "ವಿರಾಜಪೇಟೆ ತಾಲೂಕು ಮಾತ್ರ" ಅಂತ ಬರೆಸಿದ ಗೋಣಿಕೊಪ್ಪದ ಸಂಘ ಈಗ ಪೇಪರ್ ಪ್ರಕಾರ ತನ್ನ ಊರಲ್ಲೇ ಕೆಲ್ಸ ಮಾಡೋ ಹಾಗಿಲ್ಲ! ಕಡೇಪಕ್ಷ "ಕೊಡಗು ಜಿಲ್ಲೆ" ಅಂತ ಬರೀರಿ.

ಬೈಲಾದಲ್ಲಿ ಜಗಳ ಆಗೋ ಜಾಗಗಳನ್ನ ಈಗ್ಲೇ, ಎಲ್ರೂ ಸ್ನೇಹದಿಂದ ಇರೋವಾಗ್ಲೇ ಬಿಡಿಸಿ ಬರೆದಿಟ್ಕೊಳ್ಳಿ. ಆಡಳಿತ ಮಂಡಳಿ ಅವಧಿ ಎಷ್ಟು ವರ್ಷ, ಒಬ್ಬರು ಎಷ್ಟು ಸಲ ಅಧ್ಯಕ್ಷರಾಗಬಹುದು, ಸಭೆಗೆ ಎಷ್ಟು ದಿನ ಮುಂಚೆ ನೋಟಿಸ್, ವಾಟ್ಸಾಪಲ್ಲಿ ಕಳಿಸಿದ್ರೆ ನೋಟಿಸ್ ಅಂತ ಆಗತ್ತಾ, ಕೋರಂ ಅಂದ್ರೆ ಸಭೆಗೆ ಕನಿಷ್ಠ ಎಷ್ಟು ಜನ ಬರ್ಬೇಕು, ಸತತ ಸಭೆಗೆ ಬರದೋರ ಸದಸ್ಯತ್ವ ಏನಾಗತ್ತೆ, ಚೆಕ್ಕಿಗೆ ಯಾರ್ಯಾರ ಸಹಿ. ಕೋರಂ ವಿಷಯದಲ್ಲಿ ಉತ್ಸಾಹ ಬೇಡ. ನೂರು ಸದಸ್ಯರಲ್ಲಿ ಅರ್ಧ ಜನ ಬರ್ಲೇಬೇಕು ಅಂತ ಬರೆದು ಜುಲೈ ತಿಂಗಳಲ್ಲಿ ಸಭೆ ಕರೆದ್ರೆ ಆ ಮಳೇಲಿ, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮರ ಬಿದ್ದು ರಸ್ತೆ ಬಂದ್, ಯಾರು ಬರ್ತಾರೆ? ಡಿಸೆಂಬರಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆವಾಗ ಮನೆಯವರೇ ಮನೇಲಿ ಸಿಗಲ್ಲ. ಏಪ್ರಿಲ್, ಮೇ ಅಂದ್ರೆ ಮದುವೆ ಸೀಸನ್ನು, ಮೇಲಿಂದ ಕೌಟುಂಬಿಕ ಹಾಕಿ ಟೂರ್ನಿ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯತ್ತೆ, ಮಳೆಗಾಲದಲ್ಲಿ ಹೇಗೂ ಮನೇಲೇ ಇರ್ತೀರಲ್ಲ ಆವಾಗ ಆಡಿಟ್ ಮುಗಿಸಿ, ಕೈಲ್‌ಪೊಳ್ದ್ ಹಬ್ಬ ಆದ್ಮೇಲೆ ಸೆಪ್ಟೆಂಬರಲ್ಲಿ ಮಹಾಸಭೆ ಇಟ್ಕೊಂಡ್ರೆ ಎಲ್ಲಾ ಸರಿ ಹೊಂದತ್ತೆ, ಇನ್ಕಮ್ ಟ್ಯಾಕ್ಸ್ ಕೆಲ್ಸಕ್ಕೂ ಅದೇ ಸರಿಯಾದ ಟೈಮು.

ಅರ್ಜಿ ಜೊತೆ ಕೊಡೋದು ಇವು: ಏಳೂ ಜನ ಸಹಿ ಹಾಕಿದ ಮೆಮೊರಾಂಡಮ್ಮು, ಬೈಲಾ, ಪದಾಧಿಕಾರಿಗಳ ಹೆಸರು ವಯಸ್ಸು ಉದ್ಯೋಗ ವಿಳಾಸ ಇರೋ ಪಟ್ಟಿ, ಸಂಘ ಮಾಡೋಣ ಅಂತ ತೀರ್ಮಾನಿಸಿದ ಮೊದಲ ಸಭೆಯ ನಡಾವಳಿ, ಎಲ್ಲರ ಗುರುತಿನ ದಾಖಲೆ, ಕಚೇರಿ ವಿಳಾಸಕ್ಕೆ ಪುರಾವೆ, ಆಮೇಲೆ ಫೀಸು. ಸಂಘದ ಆಫೀಸ್ ಅಂತ ಬೇರೆ ಕಟ್ಟಡ ಏನೂ ಬೇಕಿಲ್ಲ, ಯಾರದ್ದಾದ್ರೂ ಮನೆ ಒಂದು ಕೋಣೆ ಸಾಕು, ಮನೆ ಯಜಮಾನರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ಲೋ ಪಂಚಾಯ್ತಿ ಕಂದಾಯದ ರಸೀದಿನೋ ಕೊಟ್ರೆ ಆಯ್ತು. ಇಲ್ಲೇ ನಮ್ಮೂರಿನ ಮಾಮೂಲಿ ಎಡವಟ್ಟು, ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರತ್ತೆ. ಅಜ್ಜನ ಒಪ್ಪಿಗೆ ಪತ್ರ ಎಲ್ಲಿಂದ ತರೋದು? ಬಿಲ್ಲು, ಕಂದಾಯ ಎರಡೂ ಬದುಕಿರೋರ ಹೆಸರಲ್ಲಿರೋ ಮನೆನೇ ಹುಡುಕಿ.

ಇನ್ನೊಂದು ಎಡವಟ್ಟು ಹೆಸರಿನದ್ದು. ಆಧಾರಲ್ಲಿ ಮನೆ ಹೆಸರು ಪೂರ್ತಿ ಇರತ್ತೆ, ಪ್ಯಾನ್ ಕಾರ್ಡಲ್ಲಿ ಬರೀ ಇನಿಶಿಯಲ್ಲು, ವೋಟರ್ ಐಡಿಲಿ ಅದೂ ಇಲ್ಲ, ಹೆಣ್ಮಕ್ಕಳಾದ್ರೆ ಮದುವೆಗೆ ಮುಂಚಿನ ಮನೆ ಹೆಸರು ಒಂದ್ಕಡೆ ಆಮೇಲಿಂದು ಒಂದ್ಕಡೆ. ಸಂಘದ ಪಟ್ಟಿಲಿ ಯಾವ ರೀತಿ ಬರೀತೀರೋ ಬ್ಯಾಂಕಲ್ಲೂ ಅದೇ ಇರ್ಬೇಕು, ಆದ್ರಿಂದ ಕಡೇಪಕ್ಷ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂರು ಜನರದ್ದಾದ್ರೂ ಆಧಾರ್ ಮತ್ತು ಪ್ಯಾನ್ ಒಂದೇ ಥರ ಇದ್ಯಾ ಅಂತ ಅರ್ಜಿಗೆ ಮುಂಚೆ ನೋಡಿ, ಇಲ್ಲಾಂದ್ರೆ ತಿದ್ದಿಸಿ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಎಲ್ರೂ ಫೋಟೋ ತೆಗೆಸ್ಕೊಂಡು ಸ್ಟೇಟಸ್ ಹಾಕೋದು ಗ್ಯಾರಂಟಿ, ಹಾಕಿ, ತಪ್ಪೇನಿಲ್ಲ. ಮಾರನೇ ದಿನದ ಕೆಲ್ಸ ಪ್ಯಾನ್ ಕಾರ್ಡು. ಪ್ಯಾನ್ ನಂಬರಿನ ನಾಲ್ಕನೇ ಅಕ್ಷರ ಸಂಸ್ಥೆ ಯಾವ ಜಾತಿದು ಅಂತ ಹೇಳತ್ತೆ, ಕಂಪನಿಗೆ 'ಸಿ', ಟ್ರಸ್ಟಿಗೆ 'ಟಿ', ವ್ಯಕ್ತಿಗಳ ಗುಂಪಿಗೆ 'ಎ'. ಸೈಬರ್ ಸೆಂಟರಲ್ಲಿ ಅವಸರಕ್ಕೆ ತಪ್ಪು ಬಟನ್ ಒತ್ತಿ ಬೇರೆ ಅಕ್ಷರದ ಪ್ಯಾನ್ ಬಂದ್ರೆ ಮುಂದೆ ತೆರಿಗೆ ಪೋರ್ಟಲಲ್ಲಿ ಅರ್ಜಿ ಹಾಕೋವಾಗ ಒದ್ದಾಡ್ತೀರಿ, ಸಿಎ ಕೈಲಿ ಕೇಳಿ ತುಂಬಿಸಿ. ಆಮೇಲೆ ಬ್ಯಾಂಕ್ ಅಕೌಂಟ್, ಅದಕ್ಕೊಂದು ನಿರ್ಣಯ ಬೇಕು, ಇಬ್ಬರ ಜಂಟಿ ಸಹಿ ಇಡಿ, ಸಂಘದ ಹೆಸರಲ್ಲೇ ಕ್ಯೂಆರ್ ತಗೊಳ್ಳಿ, ಖಜಾಂಚಿ ಮನೆ ಕ್ಯೂಆರ್ ಅವತ್ತೇ ಹರಿದುಹಾಕಿ.

ಈಗ ಜಾಸ್ತಿ ತಲೆ ತಿನ್ನೋ ಭಾಗ, ಇನ್ಕಮ್ ಟ್ಯಾಕ್ಸು. ಸಂಘ ನೋಂದಣಿ ಆದ್ ತಕ್ಷಣ ತೆರಿಗೆ ಇಲ್ಲ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಹಾಗಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ನೋಂದಣಿ. 12ಎ ಅಂದ್ರೆ ಸಂಸ್ಥೆಯ ಆದಾಯಕ್ಕೆ ವಿನಾಯ್ತಿ, 80ಜಿ ಅಂದ್ರೆ ನಿಮಗೆ ದಾನ ಕೊಟ್ಟೋರಿಗೆ ರಿಯಾಯ್ತಿ. 2025ರ ಹೊಸ ಇನ್ಕಮ್ ಟ್ಯಾಕ್ಸ್ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಅಂತ ಆಗಿರೋದ್ರಿಂದ ಸೆಕ್ಷನ್ ನಂಬರೆಲ್ಲ ಅದಲುಬದಲು, ನೋಂದಣಿ ಈಗ 332ನೇ ಸೆಕ್ಷನ್ನು, ದಾನದ ರಿಯಾಯ್ತಿ 133ನೇ ಸೆಕ್ಷನ್ನು, ಆದ್ರೆ ಊರಲ್ಲಿ ಎಲ್ರ ಬಾಯಲ್ಲೂ 12ಎ, 80ಜಿನೇ, ನಾನೂ ಹಾಗೇ ಕರೀತೀನಿ. ಹೊಸ ಸಂಸ್ಥೆಗೆ ಮೊದ್ಲು ಕೊಡೋದು ತಾತ್ಕಾಲಿಕ ನೋಂದಣಿ, ಮೂರು ವರ್ಷಕ್ಕೆ, ಇದ್ರಲ್ಲಿ ಹೆಚ್ಚು ವಿಚಾರಣೆ ಇರಲ್ಲ, ಬೇಗ ಸಿಗತ್ತೆ. ಆಮೇಲೆ ಕೆಲ್ಸ ಶುರು ಮಾಡಿದ್ಮೇಲೆ ರೆಗ್ಯುಲರ್ ನೋಂದಣಿಗೆ ಅರ್ಜಿ ಹಾಕ್ಬೇಕು, ಆವಾಗ ಅಧಿಕಾರಿಗಳು ಬಿಲ್ಲು, ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಕೇಳ್ತಾರೆ. ಈ ಎರಡನೇ ಹಂತನೇ ಜನ ಮರೆಯೋದು, ಮೂರು ವರ್ಷ ಇದ್ಯಲ್ಲ ಅಂತ ಕೂತಿರ್ತಾರೆ, ವಿನಾಯ್ತಿನೇ ಕೈಬಿಟ್ಟು ಹೋಗತ್ತೆ.

ವಿನಾಯ್ತಿ ಸಿಕ್ಕಿದ್ಮೇಲೆ ಬಂದ ಆದಾಯದಲ್ಲಿ 85 ಪರ್ಸೆಂಟ್ ಆ ವರ್ಷನೇ ಉದ್ದೇಶಕ್ಕೆ ಖರ್ಚಾಗ್ಬೇಕು, ಆಗ್ಲಿಲ್ಲ ಅಂದ್ರೆ ಯಾಕೆ ಉಳಿಸ್ತಿದ್ದೀವಿ, ಯಾವುದಕ್ಕೆ ಅಂತ ಹೇಳಿ ಮೊದ್ಲೇ ಫಾರ್ಮ್ ಹಾಕ್ಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟೋರಿಗೆ 80ಜಿ ರಿಯಾಯ್ತಿ ಸಿಗಲ್ಲ, ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡೋರಿಗಂತೂ ಹೇಗೆ ಕೊಟ್ರೂ ಸಿಗಲ್ಲ, ಹಾಗಾಗಿ 80ಜಿ ಇದೆ ಅಂತ ಹೇಳಿ ಸಂಬಳದೋರ ಹತ್ರ ಚಂದಾ ಕೇಳೋ ಕಾಲ ಸ್ವಲ್ಪ ಮುಗೀತು ಅನ್ಕೊಳ್ಳಿ. ದಾನಿ ಹೆಸರು, ವಿಳಾಸ ಬರ್ಕೊಳ್ಳೋದು ಬಿಡಬೇಡಿ, ಹೆಸರಿಲ್ಲದ ದಾನ ಒಂದು ಮಿತಿ ದಾಟಿದ್ರೆ 30 ಪರ್ಸೆಂಟ್ ತೆರಿಗೆ.

ಕೊಡಗಿನೋರು ಮುಖ್ಯವಾಗಿ ಗಮನಿಸ್ಬೇಕಾದ್ದು ಇನ್ನೊಂದಿದೆ. ನಮ್ಮಲ್ಲಿ ಸಮಾಜಗಳಿಗೆ ಬರ ಇಲ್ಲ, ಪ್ರತಿ ಪೇಟೇಲೂ ಒಂದೊಂದು ಜನಾಂಗಕ್ಕೆ ಒಂದೊಂದು ಸಮಾಜ, ದೊಡ್ಡ ದೊಡ್ಡ ಮದುವೆ ಹಾಲು. ಜನಾಂಗದ ಹೆಸರಲ್ಲಿ ಸಂಘ ಮಾಡೋಕೆ ಅಡ್ಡಿ ಏನಿಲ್ಲ. ಆದ್ರೆ ಒಂದು ಜಾತಿ ಅಥವಾ ಒಂದು ಧರ್ಮದ ಜನಕ್ಕೆ ಮಾತ್ರ ಅಂತ ಉದ್ದೇಶದಲ್ಲಿ ಬರೆದ ದತ್ತಿ ಸಂಸ್ಥೆಗೆ ತೆರಿಗೆ ವಿನಾಯ್ತಿ ಸಿಗೋದು ಕಷ್ಟ, 80ಜಿ ಅಂತೂ ಆಗಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗೆ ಅಂತ ಇದ್ರೆ ಆ ಅಡ್ಡಿ ಇಲ್ಲ, ಅಂದ್ರೆ ಜೇನುಕುರುಬ, ಯರವ ಹಾಡಿಗಳಲ್ಲಿ ಕೆಲ್ಸ ಮಾಡೋ ಸಂಘ ಧೈರ್ಯವಾಗಿ ಹಾಗೇ ಬರೀಬಹುದು. ಸ್ವಂತ ಜನಾಂಗದ ಮಕ್ಕಳಿಗೆ ಸ್ಕಾಲರ್‌ಶಿಪ್ಪು, ಜೊತೆಗೆ 80ಜಿನೂ, ಎರಡೂ ಬೇಕು ಅನ್ನೋದು ನಡೆಯಲ್ಲ, ಯಾವುದು ಮುಖ್ಯ ಅಂತ ಬೈಲಾ ಬರೆಯೋಕೆ ಮುಂಚೆನೇ ತೀರ್ಮಾನ ಮಾಡ್ಬೇಕು.

ವಿದೇಶದ ದುಡ್ಡಿನ ಪ್ರಶ್ನೆ ಇಲ್ಲಿ ಬಾರದೇ ಇರಲ್ಲ, ಯಾಕಂದ್ರೆ ಮನೆಗೊಬ್ಬರು ದುಬೈಲೋ ಕೆನಡಾದಲ್ಲೋ ಇದ್ದಾರೆ. ಭಾರತದ ಪಾಸ್‌ಪೋರ್ಟೇ ಇಟ್ಕೊಂಡಿರೋ ಎನ್‌ಆರ್‌ಐ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅನ್ನಿಸ್ಕೊಳ್ಳಲ್ಲ. ಅದೇ ಮನುಷ್ಯ ಅಲ್ಲಿಯ ಪೌರತ್ವ ತಗೊಂಡು ಒಸಿಐ ಕಾರ್ಡ್ ಇಟ್ಕೊಂಡಿದ್ರೆ ಅವರು ಕೊಡೋ ದುಡ್ಡು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆ ಪ್ರಕಾರದ ಅನುಮತಿ ಇಲ್ದೇ ಒಂದು ರೂಪಾಯಿ ತಗೊಂಡ್ರೂ ಅಪರಾಧ, ಸ್ವಂತ ಚಿಕ್ಕಪ್ಪ ಆದ್ರೂ ಸರಿ. ಹಾಗಾಗಿ ಫಾರಿನ್ನಿಂದ ಯಾರಾದ್ರೂ ದಾನ ಕಳಿಸ್ತೀನಿ ಅಂದ್ರೆ ಮುಜುಗರ ಬಿಟ್ಟು "ಅಣ್ಣ, ನಿಮ್ಮದು ಈಗ ಯಾವ ಪಾಸ್‌ಪೋರ್ಟು?" ಅಂತ ಕೇಳಿ, ಕಾಪಿ ಇಟ್ಕೊಳ್ಳಿ. ಎಫ್‌ಸಿಆರ್‌ಎ ನೋಂದಣಿ ಬೇಕಂದ್ರೆ ಸಂಸ್ಥೆಗೆ ಮೂರು ವರ್ಷ ಆಗಿರ್ಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಉದ್ದೇಶಕ್ಕೆ ಖರ್ಚು ಮಾಡಿರ್ಬೇಕು, ವಿದೇಶದ ದುಡ್ಡು ಮೊದ್ಲು ಬಂದು ಬೀಳೋದು ದೆಹಲಿಲಿರೋ ಎಸ್‌ಬಿಐ ಮುಖ್ಯ ಶಾಖೆಯ ಅಕೌಂಟಿಗೆ. ಹೊಸ ಸಂಘಕ್ಕೆ ಇದ್ರ ಚಿಂತೆ ಈಗ ಬೇಡ. ಕಂಪನಿಗಳ ಸಿಎಸ್‌ಆರ್ ದುಡ್ಡಿಗೂ, ಅಂದ್ರೆ ಅವು ಸಮಾಜದ ಕೆಲ್ಸಕ್ಕೆ ಅಂತ ಕೊಡೋ ದುಡ್ಡಿಗೂ, ಹೆಚ್ಚುಕಮ್ಮಿ ಅದೇ ಕಥೆ, ಮೂರು ವರ್ಷದ ಕೆಲಸದ ದಾಖಲೆ, 12ಎ, 80ಜಿ, ಆಮೇಲೆ ಸಿಎಸ್‌ಆರ್-1 ಅನ್ನೋ ಫಾರ್ಮು. ಸರ್ಕಾರದ ಅನುದಾನ ಬೇಕಾದ್ರೆ ನೀತಿ ಆಯೋಗದ ದರ್ಪಣ್ ಪೋರ್ಟಲಲ್ಲಿ ಹೆಸರು ಹಾಕಿಸಿ ಒಂದು ಐಡಿ ತಗೊಂಡಿರಿ, ಅದಕ್ಕೆ ಖರ್ಚಿಲ್ಲ.

ವರ್ಷದ ಕೆಲ್ಸಕ್ಕೆ ಬರೋಣ. ನೋಂದಣಿ ಮಾಡಿಸಿ ಬಿಟ್ಟ ಸಂಘ ಅಂದ್ರೆ ಕಪಾತು ಮಾಡ್ದೇ ಬಿಟ್ಟ ತೋಟ, ನೋಡೋಕೆ ಹಸಿರಾಗೇ ಇರತ್ತೆ, ಫಸಲು ಮಾತ್ರ ಇಲ್ಲ. ಪ್ರತಿ ವರ್ಷ ಮಹಾಸಭೆ ಆಗ್ಬೇಕು, ಅಲ್ಲಿ ಆಡಿಟ್ ಆದ ಲೆಕ್ಕ ಮಂಡಿಸ್ಬೇಕು, ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸ್ಬೇಕು. ಈ ಪಟ್ಟಿನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಜಗಳ ಬಂದ ದಿನ ಗೊತ್ತಾಗತ್ತೆ ಅದ್ರ ಬೆಲೆ. ಸಂಘ ಒಡೆದು ಎರಡು ಬಣ ಆಗಿ ಇಬ್ಬರು ಅಧ್ಯಕ್ಷರು ಬ್ಯಾಂಕಿಗೆ ಹೋದ್ರೆ ಮ್ಯಾನೇಜರ್ ಕೇಳೋದು ಒಂದೇ, ಡಿಆರ್ ಆಫೀಸಲ್ಲಿ ಕೊನೇದಾಗಿ ಫೈಲಾದ ಪಟ್ಟಿ ಯಾವ್ದು ಅಂತ. ಆರು ವರ್ಷದಿಂದ ಫೈಲೇ ಆಗಿಲ್ಲ, ಹಳೇ ಪಟ್ಟಿಲಿರೋ ಕಾರ್ಯದರ್ಶಿ ತೀರ್ಕೊಂಡಿದ್ದಾರೆ, ಖಜಾಂಚಿ ಮಗಳ ಮನೆ ಅಂತ ಮೈಸೂರಿಗೆ ಹೋಗಿದ್ದಾರೆ ಅಂದ್ರೆ ಅಕೌಂಟ್ ಅಲ್ಲೇ ಬೀಗ. ತಡ ಆಗಿದ್ರೆ ಹಳೇ ವರ್ಷಗಳ ಲೆಕ್ಕ ಎಲ್ಲಾ ಒಟ್ಟಿಗೆ ಆಡಿಟ್ ಮಾಡಿಸ್ಬೇಕು, ರಸೀದಿಗಳು ಗೆದ್ದಲು ತಿಂದಿರತ್ತೆ, ಆಡಿಟರ್ ಕೈ ಎತ್ತುತ್ತಾರೆ.

ಇದೆಲ್ಲ ನಮ್ಮ ಕೈಲಾಗಲ್ಲ ಅನ್ಸಿದ್ರೆ ಬೇರೆ ದಾರಿನೂ ಇದೆ, ಅದೇ ಕೆಲ್ಸ ಮಾಡೋ ಹಳೇ ಸಂಸ್ಥೆ ನಿಮ್ಮ ತಾಲೂಕಲ್ಲೇ ಇದ್ರೆ ಅದ್ರ ಸದಸ್ಯರಾಗಿ, ಅದ್ರೊಳಗೇ ಒಂದು ಉಪಸಮಿತಿ ಮಾಡ್ಕೊಂಡು ಕೆಲ್ಸ ನಡೆಸಿ. ಅಧ್ಯಕ್ಷ ಅಂತ ವಿಸಿಟಿಂಗ್ ಕಾರ್ಡ್ ಸಿಗಲ್ಲ, ಅಷ್ಟೇ ನಷ್ಟ.

ಸಂಘ ಮುಚ್ಚೋದೂ ಕಾನೂನು ಪ್ರಕಾರನೇ. ವಿಶೇಷ ಸಭೆ ಕರೆದು ನಿರ್ಣಯ ಮಾಡ್ಬೇಕು, ಸಾಲ ಇದ್ರೆ ತೀರಿಸ್ಬೇಕು, ಉಳಿದಿದ್ದನ್ನ ಸದಸ್ಯರು ಹಂಚ್ಕೊಳ್ಳೋ ಹಾಗಿಲ್ಲ, ಅಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗ್ಬೇಕು. ಬ್ಯಾಂಕಲ್ಲಿರೋ ದುಡ್ಡಿಗೆ ಈ ಮಾತು ಎಲ್ರೂ ಒಪ್ತಾರೆ, ಪ್ಲಾಸ್ಟಿಕ್ ಕುರ್ಚಿ, ಅನ್ನದ ತಪ್ಪಲೆ, ಮೈಕ್ ಸೆಟ್ಟಿಗೂ ಅದೇ ಕಾನೂನು.